ಲಾನ್ ತುಂಬಾ ಜೇಕು, ಅಲ್ಲಲ್ಲಿ ಬೋಳು: ಮಿರಗದ ಮಳೆಗೆ ಬೀಜ ಹಾಕಲಾ, ಸೆಪ್ಟೆಂಬರ್‌ವರೆಗೆ ಕಾಯಲಾ?

ನವನಗರದ ಅಂಗಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ನವನಗರದಲ್ಲಿ, ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ. ಮುಂದಿನ ಅಂಗಳದಲ್ಲಿ 30 ಅಡಿ ಉದ್ದ, 20 ಅಡಿ ಅಗಲದ ಲಾನ್ ಇದೆ. ಮನೆ ಕಟ್ಟಿಸಿದಾಗ ನರ್ಸರಿಯವರು ಮೆಕ್ಸಿಕನ್ ಹುಲ್ಲು ಅಂತ ಚಾಪೆಗಳನ್ನು ತಂದು ಹಾಸಿಕೊಟ್ಟಿದ್ದರು. ಮೊದಲ ವರ್ಷ ನೋಡೋಕೆ ಎರಡು ಕಣ್ಣು ಸಾಲುತ್ತಿರಲಿಲ್ಲ. ಈಗ ಗೇಟಿನ ಪಕ್ಕ, ಮಕ್ಕಳು ಸೈಕಲ್ ಓಡಿಸುವ ಕಡೆ, ಮಾವಿನ ಗಿಡದ ಕೆಳಗೆ ಎಲ್ಲಾ ಬೋಳು ಬಿದ್ದಿದೆ. ಉಳಿದ ಕಡೆ ಜೇಕು ಕಳೆ. ಮೊನ್ನೆ ಅಡ್ಡಮಳೆ ಹೊಡೆದಿದ್ದೇ ತಡ, ಹುಲ್ಲು ಇನ್ನೂ ಮಲಗಿರುವಾಗಲೇ ಜೇಕು ಗೇಣುದ್ದ ಎದ್ದು ನಿಂತಿದೆ. ಮೂಲೆಯಲ್ಲಿ ಒಂದಿಷ್ಟು ಕಾಂಗ್ರೆಸ್ ಕಸವೂ ಬಂದಿದೆ. ಕೆಲಸದವರು ಬಂದು ಕಿತ್ತು ಹೋಗುತ್ತಾರೆ, ಮುಂದಿನ ವಾರಕ್ಕೆ ಮತ್ತೆ ಅಷ್ಟೇ.

ಯೂಟ್ಯೂಬ್‌ನಲ್ಲಿ ನೋಡಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ವಸಂತದಲ್ಲಿ ಕಳೆನಾಶಕ ಹಾಕಿ, ಸುಣ್ಣ ಹಾಕಿ, ಸೆಪ್ಟೆಂಬರ್‌ನಲ್ಲಿ ಹಳೇ ಹುಲ್ಲಿನ ಮೇಲೆಯೇ ಹೊಸ ಬೀಜ ಚೆಲ್ಲಿ, ರೈ ಹುಲ್ಲಿನ ಬೀಜ ಆದರೆ ವಾರದಲ್ಲೇ ಮೊಳಕೆ ಬರುತ್ತದೆ ಅಂತ. ನಮ್ಮ ಮಾವನವರು ನವಲಗುಂದ ಕಡೆಯ ರೈತರು. ಅವರು ಹೇಳೋದು, ಹುಲ್ಲಾಗಲಿ ಹೆಸರಾಗಲಿ ಮಿರಗದ (ಮೃಗಶಿರ) ಮಳೆಗೇ ಬಿತ್ತಬೇಕು ಅಂತ. ಯಾರ ಮಾತು ಕೇಳಲಿ? ಈಗ ಮೇ ಅರ್ಧ ಕಳೆದಿದೆ, ಏನಾದರೂ ಮಾಡೋದಿದ್ದರೆ ಈಗಲೇ ಶುರು ಮಾಡಬೇಕು ಅನಿಸುತ್ತಿದೆ. ನಮ್ಮದು ಎರೆ (ಕಪ್ಪು) ಮಣ್ಣು. ನಳದ ನೀರು ದಿನಾ ಬರುವುದಿಲ್ಲ, ಬೋರ್‌ವೆಲ್ ಇದೆ. ನಮ್ಮ ಕಡೆ ಲಾನ್ ಬೆಳೆಸಿದ ಅನುಭವ ಇದ್ದವರು ದಯವಿಟ್ಟು ಹೇಳಿ.

ಸಪ್ತಾಪುರದ ಮಾಲಿ

ಅಕ್ಕಾ, ನಿಮ್ಮ ಮಾವನವರ ಮಾತು ಕೇಳಿ. ವಿಡಿಯೋದವರು ಸುಳ್ಳು ಹೇಳುತ್ತಿಲ್ಲ, ಆದರೆ ಅವರ ಊರಲ್ಲಿ ಡಿಸೆಂಬರ್‌ಗೆ ಹಿಮ ಬೀಳುತ್ತದೆ. ಅಲ್ಲಿನ ಹುಲ್ಲಿನ ಜಾತಿಯೇ ಬೇರೆ. ಫೆಸ್ಕ್ಯೂ, ರೈ, ಬ್ಲೂಗ್ರಾಸ್ ಇವೆಲ್ಲ ತಂಪಿನಲ್ಲಿ ಬೆಳೆಯುವಂಥವು, ಅದಕ್ಕೇ ಬೇಸಿಗೆ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಬೀಜ ಹಾಕುತ್ತಾರೆ. ನಮ್ಮಲ್ಲಿರೋದು ಕರಕಿ (ಗರಿಕೆ), ಮೆಕ್ಸಿಕನ್, ಸೆಲೆಕ್ಷನ್ ನಂಬರ್ ಒನ್. ಇವು ಬಿಸಿಲಿನ ಹುಲ್ಲುಗಳು. ಧಾರವಾಡದಲ್ಲಿ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 13-14 ಡಿಗ್ರಿ ಆಸುಪಾಸು. ಅಷ್ಟು ಚಳಿಗೆ ಕರಕಿ ನಿಧಾನವಾಗುತ್ತದೆ, ಪೂರ್ತಿ ಮಲಗುವುದಿಲ್ಲ. ನಮ್ಮಲ್ಲಿ ಹುಲ್ಲು ಒಣಗೋದು ಮಾರ್ಚ್‌ನಿಂದ ಮೇ ತನಕ, ಅದೂ ನೀರಿಲ್ಲದೆ. ಹಾಗಾಗಿ ನಮ್ಮ ಲಾನ್‌ಗೆ ವರ್ಷ ಶುರುವಾಗೋದೇ ಮುಂಗಾರಿಗೆ.

ಇನ್ನು ನಿಮ್ಮ ಹುಲ್ಲು. ನಮ್ಮ ಕಡೆ ಮೆಕ್ಸಿಕನ್ ಅಂತ ಮಾರೋದು ಸಾಮಾನ್ಯವಾಗಿ ಜಾಯ್ಸಿಯಾ ಜಾತಿ. ಎಲೆ ಸಣ್ಣ, ಮುಟ್ಟಿದರೆ ಸ್ವಲ್ಪ ಒರಟು, ಕಾಲಿಟ್ಟರೆ ಸ್ಪಂಜಿನ ಹಾಗೆ ಮೆತ್ತಗೆ. ನೋಡಿ ಖಚಿತ ಮಾಡಿಕೊಳ್ಳಿ. ಅದೇ ಆಗಿದ್ದರೆ ಬೀಜದ ಯೋಚನೆ ಬಿಟ್ಟುಬಿಡಿ. ಅಂಗಡಿಯಲ್ಲಿ ಲಾನ್ ಬೀಜ ಅಂತ ಸಿಗೋದು ಬಹುಪಾಲು ಬರ್ಮುಡಾ, ಅಂದರೆ ನಮ್ಮ ಕರಕಿಯೇ. ಅದನ್ನು ಮೆಕ್ಸಿಕನ್ ಮಧ್ಯೆ ಚೆಲ್ಲಿದರೆ ಎರಡು ಬಣ್ಣ, ಎರಡು ಎತ್ತರ, ತೇಪೆ ಹಾಕಿದ ಹಾಗೆ ಕಾಣುತ್ತದೆ. ಆಮೇಲೆ ಕರಕಿಯನ್ನು ತೆಗೆಯೋಕೂ ಆಗಲ್ಲ. ಎರೆಹೊಲದಲ್ಲಿ ಕರಕಿ ಹೊಕ್ಕರೆ ಏನಾಗುತ್ತದೆ ಅಂತ ನಿಮ್ಮ ಮಾವನವರನ್ನೇ ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬೋಳಾದ ಜಾಗಕ್ಕೆ ನಿಮ್ಮದೇ ಲಾನ್‌ನ ದಟ್ಟ ಭಾಗದಿಂದ ಎರಡು ಇಂಚಿನ ತುಂಡುಗಳನ್ನು ಬೇರು ಮಣ್ಣು ಸಮೇತ ತೆಗೆದು, ಅರ್ಧ ಅಡಿಗೊಂದು ನೆಡಿ. ತೆಗೆದ ಕಡೆಯ ಗುಂಡಿಗೆ ಮಣ್ಣು ತುಂಬಿದರೆ ಮಳೆಗಾಲದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಮೆಕ್ಸಿಕನ್ ನಿಧಾನ, ಒಂದು ಮಳೆಗಾಲ ಪೂರ್ತಿ ಬೇಕು. ತಾಳ್ಮೆ ಇರಲಿ. ಮಿರಗ ಜೂನ್ 7-8ಕ್ಕೆ ಹುಟ್ಟುತ್ತದೆ, ಆದರೆ ಒಂದೊಂದು ವರ್ಷ ಕೈ ಕೊಡುತ್ತದೆ. ಮಣ್ಣು ಅರ್ಧ ಅಡಿ ನೆನೆದ ಮೇಲೆಯೇ ನೆಡಿ. ಅದರ ಮುಂದಿನ ಆರಿದ್ರಾ ಮಳೆ ಬಂದರೂ ತಡ ಆಗಲ್ಲ.

ಕರಕಿ ಲಾನ್ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ನೀವು ಬೀಜ ಹಾಕಬಹುದು. ಸಿಪ್ಪೆ ತೆಗೆದ ಬರ್ಮುಡಾ ಬೀಜ ಬೆಚ್ಚಗಿನ ಹಸಿ ಮಣ್ಣಲ್ಲಿ ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ. ಹೊಸ ಲಾನ್‌ಗೆ ಚದರ ಮೀಟರಿಗೆ 5ರಿಂದ 10 ಗ್ರಾಂ, ಹಳೇ ಹುಲ್ಲಿನ ಮೇಲೆ ಚೆಲ್ಲಲು ಅದರ ಅರ್ಧ ಸಾಕು. ಬೀಜ ಬಹಳ ಸಣ್ಣದು, ಒಣ ಮರಳಿನಲ್ಲಿ ಕಲಸಿಕೊಂಡು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಚೆಲ್ಲಿ. ಅದಕ್ಕೂ ಮುಂಚೆ ಹುಲ್ಲನ್ನು ಗಿಡ್ಡಕ್ಕೆ ಕತ್ತರಿಸಿ, ಹಲ್ಲು ಇರುವ ಕುಂಟೆಯಿಂದ ನೆಲ ಕೆರೆದು ಮಣ್ಣು ಕಾಣಿಸಬೇಕು. ಒಣ ಹುಲ್ಲಿನ ಮೇಲೆ ಬಿದ್ದ ಬೀಜ ಇರುವೆಗೆ ಊಟ, ಅಷ್ಟೇ. ಹದ ಮಳೆಗೆ ಹಾಕಿ. ಧಾರಾಕಾರ ಸುರಿಯುವಾಗ ಹಾಕಿದರೆ ಎಲ್ಲಾ ಗಟಾರಕ್ಕೆ ಹೋಗುತ್ತದೆ.

ಗದಗ ಎರೆಹೊಲ

ಮಾಲಿ ಸರ್ ಹೇಳಿದ್ದು ಸರಿ. ನಾನು ಮಣ್ಣು ಮತ್ತು ನೀರಿನ ಬಗ್ಗೆ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ನಮ್ಮ ಗದಗದಲ್ಲಿ ಧಾರವಾಡಕ್ಕಿಂತ ಮಳೆ ಕಡಿಮೆ, ಹುಲ್ಲು ಉಳಿಸೋ ಕಷ್ಟ ಜಾಸ್ತಿ.

ಮೊದಲು ಲೆಕ್ಕ ನೋಡಿ. ನಿಮ್ಮ 600 ಚದರ ಅಡಿಗೆ ಒಂದು ಇಂಚು ನೀರು ಕೊಡಬೇಕು ಅಂದರೆ ಸುಮಾರು 1,400 ಲೀಟರ್. ಬೇಸಿಗೆಯಲ್ಲಿ ಹಸಿರಾಗಿಯೇ ಇಡಬೇಕು ಅಂದರೆ ವಾರವಾರ ಅಷ್ಟು ಬೇಕು. ಹೊಸದಾಗಿ ಹಾಕಿದ್ದಕ್ಕಂತೂ ದಿನಕ್ಕೆ ಎರಡು ಮೂರು ಸಲ ಚಿಮುಕಿಸುತ್ತಲೇ ಇರಬೇಕು. ಮೇ ತಿಂಗಳಲ್ಲಿ ಇದಕ್ಕೆಲ್ಲ ಟ್ಯಾಂಕರ್ ತರಿಸೋದು ನನಗಂತೂ ಒಪ್ಪಿಗೆ ಇಲ್ಲ. ಪಕ್ಕದ ಓಣಿಯಲ್ಲಿ ಕುಡಿಯೋ ನೀರಿಗೆ ಕೊಡ ಹಿಡಿದು ನಿಂತಿರುತ್ತಾರೆ. ಬೇರು ಹಿಡಿದ ಹುಲ್ಲು ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಸತ್ತಿದೆ ಅಂತ ಅರ್ಥ ಅಲ್ಲ. ಎರಡು ಮೂರು ವಾರಕ್ಕೊಮ್ಮೆ ಸಂಜೆ ಹೊತ್ತು ಚೆನ್ನಾಗಿ ಆಳಕ್ಕೆ ನೀರು ಕೊಡಿ. ಗಂಟು ಜೀವ ಹಿಡಿದುಕೊಂಡಿರುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ.

ಎರೆ ಮಣ್ಣಿನ ಗುಣ ನಿಮಗೆ ಗೊತ್ತಿದ್ದದ್ದೇ. ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ಅಂಟುತ್ತದೆ. ಗೇಟಿನ ಹತ್ತಿರ, ಸೈಕಲ್ ಓಡುವ ಕಡೆ ಹುಲ್ಲು ಹೋಗಿದ್ದಕ್ಕೆ ಕಾರಣ ಇದೇ. ಹಸಿ ಇದ್ದಾಗ ತುಳಿದು ತುಳಿದು ನೆಲ ಕಲ್ಲಾಗಿರುತ್ತದೆ. ಅಲ್ಲಿ ಬೀಜ ಹಾಕಿದರೂ ಅಷ್ಟೇ, ತುಂಡು ನೆಟ್ಟರೂ ಅಷ್ಟೇ, ಬೇರು ಕೆಳಗೆ ಇಳಿಯೋಕೆ ದಾರಿ ಇಲ್ಲ. ಅಡ್ಡಮಳೆ ಆದ ಮೂರ್ನಾಲ್ಕು ದಿನಕ್ಕೆ, ಮಣ್ಣು ಕೈಗೆ ಅಂಟದಂತಾದಾಗ ಹಾರಿಯಿಂದ ಗೇಣಿಗೊಂದರಂತೆ ಅರ್ಧ ಅಡಿ ಆಳದ ತೂತು ಮಾಡಿ. ನೀರು ನಿಂತಿರುವಾಗ ಮಾತ್ರ ಇಳಿಯಬೇಡಿ. ಆಮೇಲೆ ಜರಡಿ ಹಿಡಿದ ಎರೆಹುಳು ಗೊಬ್ಬರ, ಮರಳು ಸಮ ಸಮ ಕಲಸಿ ತೂತಿಗೂ ಬಿರುಕಿಗೂ ತುಂಬಿ, ಮೇಲೆ ಅರ್ಧ ಸೆಂಟಿಮೀಟರ್ ಹರಡಿ. ಇಡೀ ಲಾನ್‌ಗೆ ಸುಮಾರು 10 ಘನ ಅಡಿ ಬೇಕಾಗುತ್ತದೆ. ಹುಲ್ಲಿನ ತುದಿ ಮೇಲೆ ಕಾಣುತ್ತಿರಬೇಕು, ಪೂರ್ತಿ ಮುಚ್ಚಬೇಡಿ.

ತಿಪ್ಪೆಗೊಬ್ಬರ ಅಗ್ಗಕ್ಕೆ ಸಿಗುತ್ತದೆ ಅಂತ ಹಾಕಿಸಬೇಡಿ. ಚೆನ್ನಾಗಿ ಕೊಳೆಯದ ಗೊಬ್ಬರದಲ್ಲಿ ಕಸದ ಬೀಜ ಜೀವಂತ ಇರುತ್ತವೆ. ನಿಮ್ಮ ಮೂಲೆಯ ಕಾಂಗ್ರೆಸ್ ಕಸವೂ ಹಾಗೇ ಬಂದಿರಬಹುದು. ಅದನ್ನು ಹೂವಾಗುವ ಮೊದಲೇ ಬೇರು ಸಮೇತ ಕೀಳಿಸಿ, ಕೈಗವಸು ಹಾಕಿಕೊಂಡೇ ಕೀಳಬೇಕು. ಅದರಿಂದ ಕೆಲವರಿಗೆ ಮೈ ತುರಿಕೆ, ಇನ್ನು ಕೆಲವರಿಗೆ ಉಬ್ಬಸ ಬರುತ್ತದೆ.

ಸುಣ್ಣದ ಮಾತು ಮರೆತುಬಿಡಿ. ಸುಣ್ಣ ಬೇಕಾಗೋದು ಹುಳಿ ಮಣ್ಣಿಗೆ. ನಮ್ಮ ಎರೆಯಲ್ಲಿ ಮೊದಲೇ ಸುಣ್ಣದ ಅಂಶ ಜಾಸ್ತಿ, ಮಣ್ಣು ಕ್ಷಾರದ ಕಡೆಗೇ ಇರುತ್ತದೆ. ಇನ್ನೂ ಹಾಕಿದರೆ ಹುಲ್ಲಿಗೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ನರ ಹಸಿರು, ನಡುವೆ ಹಳದಿ ಕಂಡರೆ ಅದೇ. ಆಗ ಯೂರಿಯಾ ಸುರಿದರೆ ಪ್ರಯೋಜನ ಇಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಚಿಟಿಕೆ ನಿಂಬೆ ಉಪ್ಪು ಹಾಕಿ ಸಂಜೆ ಸಿಂಪಡಿಸಿದರೆ ವಾರದಲ್ಲಿ ಬಣ್ಣ ತಿರುಗುತ್ತದೆ. ಟೈಲ್ಸ್ ಮೇಲೆ ಬೀಳದಂತೆ ನೋಡಿಕೊಳ್ಳಿ, ತುಕ್ಕಿನ ಕಲೆ ಹೋಗಲ್ಲ. ಬೋರ್‌ವೆಲ್ ನೀರು ಉಪ್ಪಿದ್ದರೆ ಅದನ್ನೂ ಮಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಿಮಗೆ ಹತ್ತಿರವೇ ಇದೆಯಲ್ವಾ.

ಎಪಿಎಂಸಿ ಪಕ್ಕದವ, ಹುಬ್ಬಳ್ಳಿ

ನಾನು ಕೃಷಿ ಓದಿದವನು, ಗೊಬ್ಬರ-ಔಷಧಿ ಅಂಗಡಿಯ ಕೆಲಸ. ಜೇಕಿನ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಅಕ್ಕಾವ್ರೆ, ಮೊದಲು ಒಂದು ಗಿಡವನ್ನು ಕೀಳದೆ, ಕುರ್ಪಿಯಿಂದ ಒಂದು ಗೇಣು ಆಳ ಅಗೆದು ಮಣ್ಣು ಸಮೇತ ಎತ್ತಿ ನೋಡಿ. ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ, ಹುಲ್ಲಿನದಾದರೆ ಗುಂಡಗೆ ಇರುತ್ತಿತ್ತು. ಬುಡದಲ್ಲಿ ಸಣ್ಣ ಗಡ್ಡೆ. ಅದರಿಂದ ದಾರದಂಥ ಬೇರು ಹೊರಟು ಮತ್ತೊಂದು ಗಡ್ಡೆ, ಅಲ್ಲಿಂದ ಇನ್ನೊಂದು. ಹಳೇ ಗಡ್ಡೆ ಕಪ್ಪಗೆ ಗಟ್ಟಿ, ಮೇಲೆ ನಾರು ನಾರು, ಒಡೆದರೆ ಒಳಗೆ ಬೆಳ್ಳಗೆ, ಮೂಗಿಗೆ ಹಿಡಿದರೆ ಒಂಥರಾ ಔಷಧಿ ವಾಸನೆ. ಹಳೇ ವೈದ್ಯದಲ್ಲಿ ಕೊನ್ನಾರಿ ಗಡ್ಡೆ ಅಂತ ಬಳಸೋದು ಇದನ್ನೇ. ಕೆಲಸದವರು ಮೇಲಿಂದ ಎಳೆದಾಗ ಆ ದಾರ ಪಟ್ ಅಂತ ಹರಿಯುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಅಷ್ಟೇ ಅಲ್ಲ, ಸುಮ್ನೆ ಮಲಗಿದ್ದ ಪಕ್ಕದ ಗಡ್ಡೆಗಳೂ ಆಗ ಏಳುತ್ತವೆ. ನೀವು ಹೇಳಿದ ಆ ವಾರದ ಲೆಕ್ಕ ಅದಕ್ಕೇ.

ಔಷಧಿ ಬೇಡ ಅನ್ನುವವರಿಗೆ ಎರಡು ದಾರಿ ಇದೆ. ಒಂದು, ಬೋಳು ಜಾಗದಲ್ಲಿ ಬೇಸಿಗೆಯಲ್ಲೇ ಗೇಣು ಆಳ ಅಗೆದು ಹೆಂಟೆ ತಿರುವಿ ಹಾಕಿ, ನೀರು ಕೊಡದೆ ಬಿಸಿಲಿಗೆ ಬಿಡೋದು. ಹೊಲದಲ್ಲಿ ಮಾಗಿ ಉಳುಮೆ ಮಾಡೋ ಕಾರಣಗಳಲ್ಲಿ ಇದೂ ಒಂದು. ಬಿಸಿಲಿಗೆ ಬಿದ್ದ ಗಡ್ಡೆ ಒಣಗಿ ಸಾಯುತ್ತದೆ. ನಿಮ್ಮಲ್ಲಿ ಅಡ್ಡಮಳೆ ಆಗಿಹೋಗಿದೆ, ಈ ಸಲ ಅದು ಕಷ್ಟ. ಇನ್ನೊಂದು, ಎರಡು ವಾರಕ್ಕೊಮ್ಮೆ ತಪ್ಪದೆ ಗಡ್ಡೆ ಸಮೇತ ಅಗೆದು ತೆಗೆಯೋದು. ಎಲೆ ಹೊರಡಿಸೋಕೆ ಗಡ್ಡೆ ತನ್ನ ಶಕ್ತಿ ಖರ್ಚು ಮಾಡಿರುತ್ತದೆ, ಹೊಸ ಗಡ್ಡೆ ಕಟ್ಟೋಕೆ ಮೂರ್ನಾಲ್ಕು ವಾರ ಬೇಕು. ಆ ನಡುವೆಯೇ ತೆಗೆದರೆ ಬರಬರುತ್ತಾ ಸೊರಗುತ್ತದೆ. ಮಧ್ಯೆ ತಿಂಗಳು ಬಿಟ್ಟರೆ ಮತ್ತೆ ಮೊದಲಿಂದ.

ಔಷಧಿ ಅಂದರೆ ಹಾಲೋಸಲ್ಫ್ಯುರಾನ್ ಮೀಥೈಲ್ 75 ಪರ್ಸೆಂಟ್. ಕಬ್ಬು, ಗೋವಿನಜೋಳದಲ್ಲಿ ಜೇಕಿಗೆ ಹೊಡೆಯೋದು ಇದನ್ನೇ. ಕರಕಿಗೂ ಮೆಕ್ಸಿಕನ್‌ಗೂ ತೊಂದರೆ ಮಾಡಲ್ಲ. ಎಕರೆಗೆ 36 ಗ್ರಾಂ. ನಿಮ್ಮ 600 ಚದರ ಅಡಿಗೆ ಬರೀ ಅರ್ಧ ಗ್ರಾಂ, ಎರಡೂವರೆ ಲೀಟರ್ ನೀರಿಗೆ. ಕಣ್ಣಂದಾಜಿಗೆ ಹಾಕಬೇಡಿ, ಬಂಗಾರ ತೂಗುವಂಥ ಸಣ್ಣ ತಕ್ಕಡಿ ಬೇಕು. ಡಬ್ಬಿ ಮೇಲೆ ಬರೆದಿರೋದು ಬೆಳೆಗಳಿಗೆ, ಲಾನ್‌ಗೆ ಅಂತ ಬರೆದಿರಲ್ಲ. ಅದಕ್ಕೇ ಹೊಡೆಯುವ ಮುಂಚೆ ವಿಶ್ವವಿದ್ಯಾಲಯದ ಕಳೆ ತಜ್ಞರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಒಮ್ಮೆ ಕೇಳಿಬಿಡಿ. ಹೊಡೆಯುವ ಎರಡು ದಿನ ಮೊದಲು, ಎರಡು ದಿನ ನಂತರ ಹುಲ್ಲು ಕತ್ತರಿಸಬಾರದು, ಯಾಕೆಂದರೆ ಎಲೆಯಿಂದಲೇ ಔಷಧಿ ಗಡ್ಡೆಗೆ ಇಳಿಯಬೇಕು. ಕನಿಷ್ಠ ನಾಲ್ಕು ತಾಸು ಮಳೆ ಬರಬಾರದು. ಮರುದಿನವೇ ಜೇಕು ಸಾಯಲಿಲ್ಲ ಅಂತ ಮತ್ತೆ ಹೊಡೆಯಬೇಡಿ, ಹಳದಿಯಾಗೋಕೇ ವಾರ ಹತ್ತು ದಿನ ಬೇಕು. ಹೊಡೆದ ನಾಲ್ಕು ವಾರದ ನಂತರವೇ ಹೊಸ ಬೀಜ ಅಥವಾ ತುಂಡು. ಈ ವಾರ ಹೊಡೆದರೆ ಆರಿದ್ರಾ ಮಳೆಗೆ ನೆಡಲು ಸರಿಯಾಗುತ್ತದೆ. ಆಗಸ್ಟ್ ಹೊತ್ತಿಗೆ ಉಳಿದದ್ದು ಮೇಲೆ ಬರುತ್ತದೆ, ಆಗ ಬೇಕಿದ್ದರೆ ಇನ್ನೊಂದು ಸಲ.

ಅಗಲ ಎಲೆಯ ಕಸಕ್ಕೆ ಅಂತ ಜನ 2,4-ಡಿ ಕೇಳಿಕೊಂಡು ಬರುತ್ತಾರೆ. ಜೇಕಿನ ಗಡ್ಡೆಗೆ ಅದು ನಾಟಲ್ಲ. ನಾನು ಮನೆ ಅಂಗಳಕ್ಕೆ ಅದನ್ನು ಕೊಡೋಕೇ ಇಷ್ಟಪಡಲ್ಲ. ಅದರ ಆವಿ, ತುಂತುರು ಗಾಳಿಗೆ ಹಾರಿ ಪಕ್ಕದ ಹತ್ತಿ, ಮೆಣಸಿನಕಾಯಿ, ಟೊಮೆಟೊ ಮೇಲೆ ಬಿದ್ದರೆ ಎಲೆ ಮುರುಟಿ ಹೋಗುತ್ತದೆ. ಹತ್ತಿ ಅಂತೂ ಸ್ವಲ್ಪವೂ ತಡೆಯಲ್ಲ. ಊರಂಚಿನ ಬಡಾವಣೆಗಳಲ್ಲಿ ಕಾಂಪೌಂಡ್ ದಾಟಿದರೆ ಹೊಲ. ನಮ್ಮ ಹುಲ್ಲಿನ ಚಂದಕ್ಕೆ ರೈತನ ಬೆಳೆ ಹಾಳಾಗಬಾರದು. ನಾಲ್ಕು ಕಾಂಗ್ರೆಸ್ ಗಿಡ ಇದ್ದರೆ ಕೈಯಿಂದಲೇ ಕಿತ್ತರಾಯಿತು. ಗ್ಲೈಫೋಸೇಟ್ ಅಂತೂ ಮುಟ್ಟಲೇಬೇಡಿ, ಲಾನ್ ಪೂರ್ತಿ ಹೋಗುತ್ತದೆ.

ರಾಣೆಬೆನ್ನೂರು ಗಾರ್ಡನ್

ಎಲ್ಲರೂ ರೈ ಹುಲ್ಲು ಬೇಡವೇ ಬೇಡ ಅಂತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಾವು ಕಲ್ಯಾಣ ಮಂಟಪದ ಲಾನ್ ನೋಡಿಕೊಳ್ಳುತ್ತೇವೆ. ದೀಪಾವಳಿ ಮುಗಿದ ಮೇಲೆ ಮದುವೆ ಸೀಸನ್, ಆಗ ಹುಲ್ಲು ಮಂಕಾಗಿದ್ದರೆ ಮಾಲೀಕರು ಒಪ್ಪಲ್ಲ. ನವೆಂಬರ್ ಮೊದಲ ವಾರ ಕರಕಿಯನ್ನು ಗಿಡ್ಡಕ್ಕೆ ಕತ್ತರಿಸಿ, ಚದರ ಮೀಟರಿಗೆ 30ರಿಂದ 40 ಗ್ರಾಂ ರೈ ಬೀಜ ಚೆಲ್ಲುತ್ತೇವೆ. ವಾರದಲ್ಲಿ ಮೊಳಕೆ, ತಿಂಗಳಲ್ಲಿ ಕಡು ಹಸಿರು, ಫೆಬ್ರವರಿವರೆಗೂ ಚೆನ್ನಾಗಿ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ಹಾಕಿದರೆ ನಮ್ಮ ಮಳೆ, ಸೆಕೆಗೆ ಸಸಿ ಬುಡ ಕೊಳೆತು ಹೋಗುತ್ತದೆ, ಆ ಮಾತು ನಿಜ.

ಆದರೆ ಮಾರ್ಚ್ ಬಿಸಿಲಿಗೆ ರೈ ಸಾಯುತ್ತದೆ, ಪ್ರತಿ ವರ್ಷ ಹೊಸ ಬೀಜ, ಪ್ರತಿ ದಿನ ನೀರು. ಚಳಿಗಾಲ ಪೂರ್ತಿ ಅದು ಕೆಳಗಿನ ಕರಕಿಯ ಬಿಸಿಲು, ಗೊಬ್ಬರ ಎರಡನ್ನೂ ತಿನ್ನುವುದರಿಂದ ಕರಕಿ ಬೇಸಿಗೆಗೆ ಸೊರಗಿರುತ್ತದೆ. ದುಡಿಯುವ ಲಾನ್‌ಗೆ ಆ ಖರ್ಚು ಸರಿ. ಮನೆ ಲಾನ್‌ಗೆ, ಅದರಲ್ಲೂ ನಿಮ್ಮ ಮೆಕ್ಸಿಕನ್‌ಗೆ ನಾನೂ ಬೇಡ ಅಂತಲೇ ಹೇಳುತ್ತೇನೆ.

ನವನಗರದ ಅಂಗಳ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ಅಗೆದು ನೋಡಿದೆ, ಅಣ್ಣಾವ್ರು ಹೇಳಿದ ಹಾಗೇ ಗಡ್ಡೆಯ ಸಾಲು ಇದೆ, ಹುಲ್ಲೂ ಮೆಕ್ಸಿಕನ್ನೇ. ಬೀಜ ತರಿಸೋದು ಬಿಟ್ಟೆ. ವಿಶ್ವವಿದ್ಯಾಲಯಕ್ಕೆ ಹೋಗಿ ಮಣ್ಣು ಕೊಟ್ಟು, ಅಲ್ಲೇ ಔಷಧಿಯ ಬಗ್ಗೆಯೂ ಕೇಳಿ ಬರುತ್ತೇವೆ. ಹೊಡೆದ ಮೇಲೆ ಮಕ್ಕಳನ್ನು ಎಷ್ಟು ದಿನ ಬಿಡಬಾರದು? ಮಾವಿನ ಗಿಡದ ಕೆಳಗೆ ಏನು ಮಾಡಲಿ? ಅಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಟ್ಟರೆ ಬಿಸಿಲೇ ಇಲ್ಲ. ಗೊಬ್ಬರ, ಕಟಾವು ಹೇಗೆ ಅಂತಲೂ ಹೇಳಿಬಿಡಿ.

ಎಪಿಎಂಸಿ ಪಕ್ಕದವ, ಹುಬ್ಬಳ್ಳಿ

ಎಲೆ ಮೇಲಿನದ್ದು ಪೂರ್ತಿ ಒಣಗುವ ತನಕ ಯಾರೂ ಕಾಲಿಡಬಾರದು. ಮನೆಯಲ್ಲಿ ಮಕ್ಕಳಿದ್ದಾರಲ್ಲ, ಆಮೇಲೆ ಒಂದು ಮಳೆ ಬಂದೋ ನೀರು ಕೊಟ್ಟೋ ಹುಲ್ಲು ತೊಳೆದ ಮೇಲೆ ಬಿಡಿ. ಕತ್ತರಿಸಿದ ಹುಲ್ಲನ್ನು ಆಕಳಿಗೆ ಹಾಕಬೇಡಿ. ಪಂಪು ತೊಳೆದ ನೀರು ಗಟಾರಕ್ಕೂ ಬಾವಿ ಕಡೆಗೂ ಹೋಗದಿರಲಿ.

ಸಪ್ತಾಪುರದ ಮಾಲಿ

ಮಾವಿನ ಕೆಳಗೆ ಮೆಕ್ಸಿಕನ್ ಹಟ ಬೇಡ ಅಕ್ಕಾ. ಅದಕ್ಕೂ ಅರ್ಧ ದಿನದ ಬಿಸಿಲು ಬೇಕು, ಕರಕಿಗಂತೂ ಇನ್ನೂ ಜಾಸ್ತಿ. ಕೆಳಗಿನ ಕೊಂಬೆ ಒಂದೆರಡು ತೆಗೆಸಿ ಬೆಳಕು ಬಿಡಿ, ಕಾಯಿ ಮುಗಿದ ಮೇಲೆ. ಆಮೇಲೂ ನೆರಳಿದ್ದರೆ ಅಗಲ ಎಲೆಯ ಕಾರ್ಪೆಟ್ ಹುಲ್ಲಿನ ಬಳ್ಳಿ ನೆಡಿ, ಅದು ನೆರಳು ತಡೆಯುತ್ತದೆ, ಆದರೆ ನೀರು ಕೇಳುತ್ತದೆ. ಕಾಂಡದ ಸುತ್ತ ಮೂರ್ನಾಲ್ಕು ಅಡಿ ಹುಲ್ಲೇ ಬೇಡ, ಉದುರಿದ ಎಲೆ ಹಾಗೇ ಬಿಡಿ. ಮಾವಿಗೂ ಒಳ್ಳೇದು.

ಕಟಾವಿಗೆ ಒಂದೇ ನಿಯಮ, ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಒಂದೂವರೆ ಇಂಚು ಉಳಿಯಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ತೀರಾ ಗಿಡ್ಡ ಮಾಡಿದರೆ ನೆಲಕ್ಕೆ ಬಿಸಿಲು ಬೀಳುತ್ತದೆ. ಜೇಕಿಗೆ ನೆರಳು ಆಗಿಬರಲ್ಲ, ಹುಲ್ಲು ದಟ್ಟವಾಗಿದ್ದಷ್ಟೂ ಅದು ಹಿಂದೆ ಸರಿಯುತ್ತದೆ. ಯೂರಿಯಾ ಇಡೀ ಲಾನ್‌ಗೆ ಒಂದು ಸಲಕ್ಕೆ ಅರ್ಧ ಕೆಜಿ ದಾಟಬಾರದು. ಜುಲೈಯಲ್ಲಿ ಒಮ್ಮೆ, ಸೆಪ್ಟೆಂಬರ್‌ನ ಉತ್ತರಾ ಮಳೆಯ ಹೊತ್ತಿಗೆ ಇನ್ನೊಮ್ಮೆ. ಎಲೆ ಒಣಗಿದ್ದಾಗ ಚೆಲ್ಲಿ ತಕ್ಷಣ ನೀರು ಕೊಡಿ, ಇಲ್ಲದಿದ್ದರೆ ಸುಡುತ್ತದೆ.

ಕೊನೆಗೆ ಒಂದು. ನೆಡಲು ನಿಮ್ಮ ಲಾನ್‌ನ ತುಂಡು ಸಾಲದೆ ಹೊಸ ಚಾಪೆ ತರುವುದಾದರೆ, ಗಾಡಿಯಿಂದ ಇಳಿಸುವ ಮೊದಲು ನಾಲ್ಕಾರು ಚಾಪೆ ತಿರುವಿ ಹಾಕಿ ಅಡಿಯ ಮಣ್ಣು ಒಡೆದು ನೋಡಿ. ಅದು ಯಾವುದೋ ಹೊಲದಲ್ಲಿ ಬೆಳೆದದ್ದು. ನಿಮ್ಮ ಅಂಗಳಕ್ಕೆ ಜೇಕು ಮೊದಲು ಬಂದಿದ್ದೂ ಬಹುತೇಕ ಹಾಗೇ ಇರಬೇಕು. ಒಂದು ಕಪ್ಪು ಗಡ್ಡೆ ಕಂಡರೂ ವಾಪಸ್ ಕಳಿಸಿ. ನರ್ಸರಿಯವರು ಕಡಿಮೆ ಮಾಡಿಕೊಡುತ್ತೇವೆ ಅಂದರೂ ಇಳಿಸಿಕೊಳ್ಳಬೇಡಿ.